ಪಾಂಡವರ ಗುಂಟ ಹಾದ ಬೇಲಿ

ಆ ವರ್ಷ ಕಲಬುರಗಿಯ ನಮ್ಮ ಮನೆಯಲ್ಲಿ ಫೆನ್ಸಿಂಗ್ ಎಂಬ ಒಂದೇ ಮಾತಿಗೆ ಇಬ್ಬರು ಹಕ್ಕುದಾರರಿದ್ದರು. ಒಬ್ಬಳು ಹೈಸ್ಕೂಲಿನಲ್ಲಿ ಓದುವ ನನ್ನ ಮೊಮ್ಮಗಳು. ಆಕೆ ಸ್ಟೇಡಿಯಂನಲ್ಲಿ ಕತ್ತಿವರಸೆ ಕಲಿಯುತ್ತಿದ್ದಳು. ಇನ್ನೊಬ್ಬ ನಾನು. ಕಮಲಾಪುರದಲ್ಲಿರುವ ನಮ್ಮ ಬಾಳೆಯ ತೋಟಕ್ಕೆ ಮುಳ್ಳುತಂತಿಯ ಬೇಲಿ ಹಾಕಿಸಲು ಹೊರಟಿದ್ದೆ. ಆಕೆಯ ಆಟಕ್ಕೂ ಈ ಊರಿನಲ್ಲಿ ಎಲ್ಲರೂ ಅನ್ನುವುದು ಫೆನ್ಸಿಂಗ್, ನನ್ನ ಬೇಲಿಗೂ ಅನ್ನುವುದು ಫೆನ್ಸಿಂಗ್. ಇದರಿಂದಾದ ಗೊಂದಲಗಳು ಒಂದೆರಡಲ್ಲ.

ಒಂದು ಬೆಳಿಗ್ಗೆ ನಾನು ಲಿಂಗಪೂಜೆಗೆ ಕುಳಿತಿದ್ದಾಗ ಫೋನು ಬಂದಿತು. ಮನೆಯಾಕೆ ಎತ್ತಿಕೊಂಡಳು. ಆ ಕಡೆ ಇದ್ದವನು ಬೇಲಿಯ ಮೇಸ್ತ್ರಿ.

"ಅಮ್ಮಾರ, ಫೆನ್ಸಿಂಗ್ ಸಾಮಾನ ಬಂದದ. ಎಲ್ಲಿ ಇಳಸಲಿ?"

"ಮ್ಯಾಲಿನ ಖೋಲ್ಯಾಗ ಇಟ್ಟು ಹೋಗ್ರಿ. ಸಂಜಿಕ ಹುಡುಗಿ ಬಂದು ಹಾಕ್ಕೊಂಡು ನೋಡ್ತಾಳ. ಬಿಗಿ ಆದರ ಹೊಳ್ಳಿ ಕೊಡ್ತೀವಿ."

ಮೇಸ್ತ್ರಿ, "ಹಾಕ್ಕೊಂಡು ನೋಡೋದೇನ್ರಿ?" ಎಂದನಂತೆ. ಆಮೇಲೆ ಬಹಳ ವಿನಯದಿಂದ, "ಅಮ್ಮಾರ, ಲಾರಿ ತುಂಬ ಕಲ್ಲಕಂಬ ಅದಾವ್ರಿ" ಎಂದನಂತೆ. ಪೂಜೆಯ ನಡುವೆ ನಗಬಾರದೆಂಬುದು ನಾನು ಬಾಲ್ಯದಿಂದ ಪಾಲಿಸಿಕೊಂಡು ಬಂದ ನಿಯಮ. ಅಂಗೈಯ ಮೇಲಿನ ಲಿಂಗವನ್ನು ನೋಡುತ್ತ, ಆ ದಿನ ಅದನ್ನು ಬಲು ಕಷ್ಟದಿಂದ ಪಾಲಿಸಿದೆ.

ಮೊಮ್ಮಗಳನ್ನು ಬೆಳಗಿನ ಅಭ್ಯಾಸಕ್ಕೆ ಆಟೋದಲ್ಲಿ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಮೊದಮೊದಲು ಆ ಆಟ ನನಗೆ ರುಚಿಸಲಿಲ್ಲ. ಬಿಳಿಯ ಅಂಗಿ, ಮುಖಕ್ಕೆ ಜಾಲರಿ, ತಗಲಿದ ಪೆಟ್ಟನ್ನು ಎಣಿಸಲು ಬೆನ್ನಿಗೆ ಸಿಕ್ಕಿಸಿದ ತಂತಿ, ಕೈಯಲ್ಲಿ ಬಳುಕುವ ಕತ್ತಿ. ಹೆಣ್ಣುಮಕ್ಕಳು ಒಬ್ಬರೆದೆಗೆ ಒಬ್ಬರು ಚುಚ್ಚಲು ಓಡಾಡುವುದನ್ನು ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆದರೆ ಕಲ್ಲುಬೆಂಚಿನ ಮೇಲೆ ದಿನವೂ ಕುಳಿತು ನೋಡುತ್ತ, ಆ ಆಟಕ್ಕೂ ಒಂದು ಆಚಾರವಿದೆಯೆಂದು ತಿಳಿದುಕೊಂಡೆ. ಇಬ್ಬರೂ ಒಂದು ಇಕ್ಕಟ್ಟಾದ ಪಟ್ಟಿಯ ಮೇಲೇ ಆಡಬೇಕು. ಒಬ್ಬರು ಮುಂದೆ ಹೆಜ್ಜೆಯಿಟ್ಟರೆ ಇನ್ನೊಬ್ಬರು ಅಷ್ಟೇ ಹಿಂದೆ ಸರಿಯಬೇಕು. ನಡುವಿನ ಅಂತರ ಹೆಚ್ಚಿದರೆ ಆಟವಿಲ್ಲ, ತಗ್ಗಿದರೆ ಪೆಟ್ಟು. ಆರಂಭದಲ್ಲಿಯೂ ಮುಗಿದ ಮೇಲೆಯೂ ಎದುರಾಳಿಗೆ ಕತ್ತಿಯೆತ್ತಿ ವಂದಿಸಬೇಕು.

"ವಂದನೆ ಮಾಡದಿದ್ದರ ಏನಾಗ್ತದ?" ಎಂದು ಕೇಳಿದೆ.

"ಗೆದ್ದಿದ್ದೂ ಹೋಗ್ತದ ಮುತ್ಯಾ," ಎಂದಳು ಮೊಮ್ಮಗಳು, ಬೆವರೊರೆಸಿಕೊಳ್ಳುತ್ತ. "ಸಿಟ್ಟು ಬಂದಿದ್ದರೂ ಮಾಡಬೇಕು. ಸಿಟ್ಟು ಬಂದಾಗಂತೂ ಮಾಡಽಬೇಕು."

ನಾನು ಪಾಠಶಾಲೆಯಲ್ಲಿ ಸಂಸ್ಕೃತ ಓದಿದವನು. ಅದನ್ನೇ ಕಲಿಸಿ ಬದುಕಿದವನು. ಮಾತುಗಳ ಬೇರು ಹುಡುಕುವುದು ನನಗೆ ಅಂಟಿದ ಚಟ. ಮುಚ್ಚು ಎಂಬ ಅರ್ಥದ 'ವೃ' ಧಾತುವಿನಿಂದ ಯೋಧನ ಕವಚವಾದ ವರ್ಮವೂ ಹುಟ್ಟಿದೆ, ಹೊಲದ ಬೇಲಿಯಾದ ವೃತಿಯೂ ಹುಟ್ಟಿದೆ. ಹಾಗಾದರೆ ಇಂಗ್ಲಿಷಿನವರು ಎರಡಕ್ಕೂ ಒಂದೇ ಹೆಸರಿಟ್ಟುದರಲ್ಲಿ ವಿಶೇಷವೇನು? ಎರಡೂ ಕಾಯುವ ಕೆಲಸವೇ. ಯಾರಿಂದ ಯಾರನ್ನು ಎಂಬುದಷ್ಟೇ ಪ್ರಶ್ನೆ.

ನನ್ನ ಬೇಲಿ ಕಾಡುಹಂದಿಗಳಿಂದ ಕಾಯಬೇಕಾಗಿತ್ತು. ಕಮಲಾಪುರದ ಕೆಂಪು ಬಾಳೆಯ ರುಚಿ ಮನುಷ್ಯರಿಗಿಂತ ಮೊದಲು ಹಂದಿಗಳಿಗೆ ತಿಳಿಯುತ್ತದೆ. ರಾತ್ರಿ ಬಂದು ಗಡ್ಡೆ ಸಮೇತ ಅಗೆದು, ಬೆಳಗಾಗುವಷ್ಟರಲ್ಲಿ ಒಂದು ಸಾಲನ್ನೇ ಮಲಗಿಸಿ ಹೋಗುತ್ತಿದ್ದವು. ನನ್ನ ತೋಟಕ್ಕೆ ಹೊಂದಿಕೊಂಡೇ ಅಕ್ಕನ ಹೊಲವಿದೆ. ಅಕ್ಕ ನನಗಿಂತ ಹಿರಿಯಳು. ಕಮಲಾಪುರದಲ್ಲಿಯೇ ಕೊಟ್ಟ ಮನೆ. ಅಪ್ಪ ಆಕೆಗೆ ಅರಿಶಿನ ಕುಂಕುಮಕ್ಕೆಂದು, ಎಂದರೆ ತವರಿನ ನೆನಪಿಗೆ ಮಗಳ ಹೆಸರಿನಲ್ಲಿ, ನಮ್ಮ ಹೊಲದ ಒಂದು ಪಟ್ಟಿಯನ್ನು ಬಿಟ್ಟುಕೊಟ್ಟಿದ್ದ. ಆ ಪಟ್ಟಿಯಲ್ಲಿ ಒಂದು ಬನ್ನಿಯ ಮರವಿದೆ. ಮರದ ಮುಂದೆ ಅಪ್ಪನೇ ಸಾಲಾಗಿ ನೆಟ್ಟ ಐದು ಕಲ್ಲುಗಳಿವೆ. ಅವೇ ನಮ್ಮ ಪಾಂಡವರು.

ನಮ್ಮ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯಂದು ಪ್ರತಿಯೊಬ್ಬರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ನೈವೇದ್ಯದ ಅಡಿಗೆಯನ್ನು ಕಲಸಿ ಹೊಲದ ಸುತ್ತ ಚೆಲ್ಲುತ್ತ ನಡೆಯುತ್ತಾರೆ. ಅದು ಭೂಮಿತಾಯಿಗೆ ಕೊಡುವ ಚರಗ. ಒಬ್ಬರು ಮುಂದೆ ಚರಗ ಚೆಲ್ಲುತ್ತ ಹೋದರೆ ಇನ್ನೊಬ್ಬರು ಹಿಂದೆ ಆ ಹೆಜ್ಜೆಗಳ ಮೇಲೆ ನೀರು ಹಾಕುತ್ತ ಬರಬೇಕು. ಅನ್ನ ಮಾತ್ರ ಕೊಟ್ಟು ನೀರು ಕೊಡದಿದ್ದರೆ ಉಣಿಸಿದಂತಾಗುವುದಿಲ್ಲವಲ್ಲ. ಅಪ್ಪ ತೀರಿಕೊಂಡಂದಿನಿಂದ ನಮ್ಮ ಹೊಲದಲ್ಲಿ ಚರಗ ಚೆಲ್ಲುವವನು ನಾನು, ನೀರು ಹಾಕುವವಳು ಅಕ್ಕ. ನನ್ನದು ಆಕೆಯದು ಎಂದೆಣಿಸದೆ ಎರಡೂ ಹೊಲಗಳನ್ನು ಒಂದೇ ಸುತ್ತಿನಲ್ಲಿ ಸುತ್ತಿ ಬಂದು, ಬನ್ನಿಯ ನೆರಳಿನಲ್ಲಿ ಆಕೆಯ ಬುತ್ತಿಯನ್ನು ಉಣ್ಣುತ್ತಿದ್ದೆವು. ಸಜ್ಜೆಯ ರೊಟ್ಟಿ, ಹತ್ತಾರು ಕಾಯಿಪಲ್ಯಗಳ ಭಜ್ಜಿ, ಅಂಬಲಿ. ಆಕೆ ಕೈಯಾರೆ ಬಡಿಸದೆ ನಾನು ತುತ್ತೆತ್ತಿದ ಅಮಾವಾಸ್ಯೆ ಒಂದೂ ಇಲ್ಲ.

ನಾನು ಚಿಕ್ಕವನಿದ್ದಾಗ ಹೊಲದ ದಾರಿಯ ಅಂಚಿಗೆ ಜಾಲಿಮುಳ್ಳಿನ ಬೇಲಿಯೊಂದಿತ್ತು. ಸುತ್ತಿ ಬರುವ ತಾಳ್ಮೆಯಿಲ್ಲದೆ ನಾನು ಅದರಲ್ಲಿ ತೂರಿ ಅಂಗಿ ಹರಿದುಕೊಳ್ಳುತ್ತಿದ್ದೆ. ಅಕ್ಕ ಬಣವೆಯ ಮರೆಯಲ್ಲಿ ಕುಳಿತು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಗದರಿಸಿ, ಹೊಲಿದು ಕೊಡುತ್ತಿದ್ದಳು. "ಅಪ್ಪಗ ಹೇಳಬ್ಯಾಡ" ಎಂಬುದು ಆಕೆಯ ಕೊನೆಯ ಹೊಲಿಗೆ.

ಬೇಲಿ ಹಾಕಿಸುತ್ತೇನೆಂದು ಹೇಳಲು ಹೋದಾಗ ಅಕ್ಕ ಮನಸಾರೆ ಒಪ್ಪಿದಳು. ಮೊಮ್ಮಗಳ ಆಟದ ಸುದ್ದಿಯನ್ನೂ ಕೇಳಿ ನಕ್ಕಳು.

"ಮುತ್ಯಾ ಹೊಲಕ್ಕ ತಂತಿ ಕಟ್ತಾನ, ಮೊಮ್ಮಗಳು ಬೆನ್ನಿಗಿ ತಂತಿ ಕಟ್ಟಕೋತಾಳ. ಹಂದೀ ಮುಂದ ಆಕಿನ್ನ ನಿಲ್ಲಸು ತಮ್ಮಾ, ಕಂಬದ ಖರ್ಚರ ಉಳೀತದ."

ಕೆಲಸ ನಡೆದದ್ದು ಬೇಸಿಗೆಯಲ್ಲಿ. ಅದೇ ವೇಳೆಗೆ ನನ್ನ ಕಣ್ಣಿನ ಪೊರೆ ತೆಗೆಸಬೇಕಾಯಿತು. ಬಿಸಿಲಿಗೂ ಧೂಳಿಗೂ ಹೋಗಬಾರದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಮೇಸ್ತ್ರಿ ಕಲಬುರಗಿಯ ದರ್ಗಾದ ಸುತ್ತಲಿನ ರೋಜಾ ಓಣಿಯವನು, ನಂಬಿಕಸ್ಥ. ಊರ ಹೊರಗಿನ ಲೇಔಟುಗಳಲ್ಲಿ ಪ್ಲಾಟುಗಳಿಗೆ ತಂತಿ ಎಳೆದು ಕೈ ಪಳಗಿದವನು. ನಮ್ಮ ಎರಡೂ ಹೊಲಗಳ ನಡುವೆ ಎರಡು ತುದಿಗಿರುವ ಬಾಂದಿನ ಕಲ್ಲುಗಳಿಗೆ ನಾನು ಮೊದಲೇ ಸುಣ್ಣ ಹಚ್ಚಿಸಿದ್ದೆನಾದ್ದರಿಂದ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಫೋನಿನಲ್ಲಿ ಹೇಳಿದೆ: "ಬಿಳಿ ಕಲ್ಲಿನ ಗುಂಟ ಹೋಗು, ತಪ್ಪಂಗಿಲ್ಲ." ಅವನು ತಪ್ಪದೆ ಹೋದ. ಬೇಲಿ ಮುಗಿಯಿತೆಂದು ತಿಳಿಸಿದ. ನಾನು ಪರಶಿವನಿಗೆ ಕೈಮುಗಿದು ನಿಶ್ಚಿಂತನಾದೆ.

ಶ್ರಾವಣದ ಪಂಚಮಿ ಬಂದಿತು. ಪಂಚಮಿಗೆ ಅಕ್ಕನಿಗೆ ಉಂಡಿಗಳನ್ನೂ ಒಂದು ಕುಬುಸದ ಖಣವನ್ನೂ ಕಳಿಸುವುದು ನಮ್ಮ ಮನೆಯ ಪದ್ಧತಿ. ಆ ಸಲ ಮಗ ಒಯ್ದುಕೊಟ್ಟು ಬಂದ. ಮರುದಿನವೇ ಕಮಲಾಪುರದಿಂದ ಬರುವವರ ಕೈಯಲ್ಲಿ ಡಬ್ಬಿ ಹಿಂದಕ್ಕೆ ಬಂದಿತು. ಮುಚ್ಚಳ ತೆಗೆದಿರಲಿಲ್ಲ. ಖಣದ ಮಡಿಕೆ ಬಿಚ್ಚಿರಲಿಲ್ಲ. ಮನೆಯಾಕೆ ಅದನ್ನು ದೇವರ ಮುಂದಿಟ್ಟಳು. ಹೆಣ್ಣುಮಗಳು ಪಂಚಮಿಯ ಉಂಡಿ ತಿರುಗಿಸಿದಳೆಂದರೆ ತವರಿನ ಹೊಸ್ತಿಲು ಬೇಡವೆಂದಂತೆ. ನಾನು ಫೋನು ಮಾಡಿದೆ.

"ಅಕ್ಕಾ, ಉಂಡಿ ಯಾಕ ಹೊಳ್ಳಿ ಕಳಿಸಿದಿ?"

"ಹಲ್ಲ ಇಲ್ಲ ತಮ್ಮಾ. ತಿನ್ನಾಕ ಬರಂಗಿಲ್ಲ."

"ಹೋದ ವರ್ಷ ಇದ್ದುವಲ್ಲ?"

"ಹೋದ ವರ್ಷ ಭಾಳ ಇದ್ದುವು." ಆಮೇಲೆ, "ಬೇಲಿ ಚಂದ ಆಗ್ಯಾದ. ಬಂದು ನೋಡು" ಎಂದು ಫೋನು ಇಟ್ಟಳು.

ಮರುದಿನವೇ ಮೇಸ್ತ್ರಿಯನ್ನು ಕರೆದುಕೊಂಡು ಕಮಲಾಪುರಕ್ಕೆ ಹೋದೆ. ಹೊಸ ಕಣ್ಣಿಗೆ ಎಲ್ಲವೂ ಸ್ಪಷ್ಟವಾಗಿ ಕಾಣಿಸಿತು. ಬೇಲಿ ಮೊದಲ ಬಾಂದಿನ ಕಲ್ಲಿನಿಂದ ಹೊರಟು, ನೇರವಾಗಿ ಹೋಗುವ ಬದಲು ಅಕ್ಕನ ಹೊಲದೊಳಕ್ಕೆ ಬಾಗಿತ್ತು. ಐದು ಪಾಂಡವರ ಪಕ್ಕಕ್ಕೆ ಐದು ಕಂಬ ನೆಟ್ಟು, ಅವರ ನೆತ್ತಿಯ ಮೇಲೆಯೇ ಮುಳ್ಳುತಂತಿ ಹಾಯ್ದು, ಮತ್ತೆ ತಿರುಗಿ ಕೊನೆಯ ಬಾಂದಿಗೆ ಸೇರಿತ್ತು. ಬನ್ನಿಯ ಮರ ನನ್ನ ಬೇಲಿಯ ಒಳಗಿತ್ತು. ಅಪ್ಪ ಮಗಳಿಗೆ ಅರಿಶಿನ ಕುಂಕುಮಕ್ಕೆ ಕೊಟ್ಟ ನೆಲದ ಹೊಟ್ಟೆಯ ಭಾಗವನ್ನೇ ನನ್ನ ತಂತಿ ಬಳಸಿಕೊಂಡಿತ್ತು. ನನ್ನ ತೋಟವನ್ನು ಪಾಲಿಗೆ ಮಾಡುವ ರೈತ ಬದುವಿನ ಮೇಲೆ ನಿಂತಿದ್ದ. "ನೀವೂ ಅಕ್ಕಾರೂ ಮಾತಾಡ್ಕೊಂಡೀರಿ ಅನಕೊಂಡಿದ್ದೆ ನಾ," ಎಂದ.

"ಇವು ಏನು?" ಎಂದು ನಾನು ಮೇಸ್ತ್ರಿಗೆ ಕಲ್ಲುಗಳನ್ನು ತೋರಿಸಿದೆ.

"ಬಾರ್ಡರಿನ ಕಲ್ಲು ಮಾಸ್ತರ್ ಸಾಬ್. ನೀವಽ ಹೇಳಿದ್ರಿ, ಬಿಳಿ ಕಲ್ಲಿನ ಗುಂಟ ಹೋಗಂತ."

"ಇವರು ಪಾಂಡವರು."

ಅವನು ಬಗ್ಗಿ ನೋಡಿದ. ಕಳೆದ ಎಳ್ಳ ಅಮಾವಾಸ್ಯೆಯ ಸುಣ್ಣ ಇನ್ನೂ ಬಿಳುಪಾಗಿತ್ತು. ಕುಂಕುಮ ಮಳೆಗೆ ತೊಳೆದುಹೋಗಿತ್ತು. ಅವನು ಮೊದಲು ಚಪ್ಪಲಿ ಬಿಟ್ಟ. ಆಮೇಲೆ ಎರಡೂ ಕಿವಿ ಹಿಡಿದುಕೊಂಡ.

"ತೋಬಾ, ತೋಬಾ. ಪಾಂಡವರ ತಲಿಮ್ಯಾಲ ತಂತಿ ಎಳದೇನೇನ್ರಿ ನಾ? ನಮ್ಮ ಲೇಔಟಿನ್ಯಾಗ ಬಿಳಿ ಕಲ್ಲ ಅಂದ್ರ ಪ್ಲಾಟಽ ಸಾಬ್, ಬ್ಯಾರೆ ಏನೂ ಇರಂಗಿಲ್ಲ. ಅದರಾಗ ಇವರು ಇಷ್ಟು ಸಾಲಾಗಿ ಕುಂತಾರ, ಸರ್ವೆದವರು ಬಂದು ಕುಂಡ್ರಿಸಿದಂಗ!"

ಅವನ ಮೇಲೆ ಸಿಟ್ಟು ಬರಲಿಲ್ಲ. ಕೂಡಲೇ ಕಿತ್ತು ಸರಿಯಾದ ಸಾಲಿಗೆ ಹಾಕಬೇಕೆಂದು ಹೇಳಿ ಅಕ್ಕನ ಮನೆಗೆ ಹೋದೆ. ಆಕೆ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ನಡೆದುದನ್ನೆಲ್ಲ ಮೊದಲಿನಿಂದ ಹೇಳಿದೆ. ಸುಣ್ಣದ ಮಾತು ಬಂದಾಗ ಆಕೆಯ ಕೈ ನಿಂತಿತು.

"ಅಷ್ಟಽ ಏನು?"

"ಅಷ್ಟಽ ಅಕ್ಕಾ."

ಈಗ ನಗುತ್ತಾಳೆಂದು ಕಾದೆ. ನಗಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟಳು.

"ವರ್ಷಾ ಆ ಕಲ್ಲಿಗಿ ಸುಣ್ಣ ಹಚ್ಚಾಕಿ ನಾನಽ. ಬಿಳೀ ಕಲ್ಲ ನೋಡಿ ಯಾವನರ ತಪ್ಪು ತಿಳಕೊಂಡಾನು ಅಂತ ನನಗ ಹೊಳೀಲಿಲ್ಲ ನೋಡು. ನನಗ ಏನು ಹೊಳೀತು ಗೊತ್ತದೇನು? ತಮ್ಮ ಬೇಕಂತ ಮಾಡ್ಯಾನ ಅಂತ ಹೊಳೀತು."

"ಹೋಗಲಿ ಬಿಡು. ಯಾರು ನೋಡಿದರೂ ಹಂಗಽ ಅನಕೋತಾರ."

"ಯಾರರ ಅನಕೊಳ್ಳಲಿ. ನಾ ನಿನ್ನ ಎತ್ತಿ ಆಡಿಸಿದಾಕಿ." ಆಕೆಯ ದನಿ ಏರಲಿಲ್ಲ, ಇಳಿಯಿತು. "ಪಂಚಮೀ ಉಂಡಿ ಹೊಳ್ಳಿ ಕಳಿಸೇನಿ ನಾ. ನೀ ಬೇಲಿ ಕಿತ್ತಸ್ತಿ ಖರೆ. ನಾ ಅನಕೊಂಡದ್ದು ಎಲ್ಲಿ ಕಿತ್ತಸ್ತಿ?"

ನಾನು ಓದಿದ ಶಾಸ್ತ್ರಗಳಲ್ಲಿ ತಪ್ಪಿಗೆ ಪ್ರಾಯಶ್ಚಿತ್ತಗಳುಂಟು. ಇನ್ನೊಬ್ಬರನ್ನು ತಪ್ಪಾಗಿ ತಿಳಿದುದಕ್ಕೆ ನಾಚಿ ಕುಳಿತವರನ್ನು ಎಬ್ಬಿಸುವ ವಿಧಿ ನನಗೆ ಎಲ್ಲಿಯೂ ಸಿಕ್ಕಿರಲಿಲ್ಲ.

"ಎಳ್ಳ ಅಮಾಸಿಗಿ ಬರ್ತಿ, ಹೌದಿಲ್ಲೋ?"

"ನಿನ್ನ ಮುಂದ ಯಾವ ಮಾರಿ ಇಟ್ಟಕೊಂಡು ಬುತ್ತಿ ಬಿಚ್ಚಲಿ ತಮ್ಮಾ?" ಎಂದು ಮತ್ತೆ ಮೊರ ಎತ್ತಿಕೊಂಡಳು.

ಬೇಲಿ ನೇರವಾಯಿತು. ಪಾಂಡವರೂ ಬನ್ನಿಯ ಮರವೂ ಅಕ್ಕನ ಹೊಲಕ್ಕೆ ಮರಳಿದರು. ನಡುವೆ ಹಾಯಲು ಗೇಟು ಎಲ್ಲಿಡಬೇಕೆಂದು ಮೇಸ್ತ್ರಿ ಕೇಳಿದ. ಅಕ್ಕ ಹೇಳಿದಲ್ಲಿ ಇಡು ಎಂದೆ. ಎರಡು ಸಲ ಹೇಳಿ ಕಳಿಸಿದರೂ ಅಕ್ಕನಿಂದ ಉತ್ತರ ಬರಲಿಲ್ಲ. ಹಾಗಾಗಿ ಆ ಸಾಲಿನಲ್ಲಿ ಗೇಟೇ ಆಗಲಿಲ್ಲ. ದಸರೆ ಕಳೆಯಿತು, ದೀಪಾವಳಿ ಕಳೆಯಿತು. ಫೋನಿನಲ್ಲಿ ಮಾತಾಡುತ್ತಿದ್ದಳು, ಮಳೆ, ಮೊಳಕಾಲುನೋವು, ಜೋಳದ ತೆನೆ. ಅಮಾವಾಸ್ಯೆಯ ಮಾತು ತೆಗೆದರೆ ಒಲೆಯ ಮೇಲೆ ಏನೋ ಉಕ್ಕುತ್ತಿದೆ ಎನ್ನುತ್ತಿದ್ದಳು. ಬೆಳಗಿನ ಪೂಜೆಯಲ್ಲಿ ನಾನು ಬೇಡುತ್ತಿದ್ದುದು ಒಂದನ್ನೇ: ಇಷ್ಟು ವರ್ಷ ಆಕೆಯ ಕೈಯಿಂದ ಉಂಡಿದ್ದೇನೆ, ಈ ವಯಸ್ಸಿನಲ್ಲಿ ಅದನ್ನು ತಪ್ಪಿಸಬೇಡ ತಂದೆ. ನಮ್ಮಿಬ್ಬರಿಗೂ ಇನ್ನೆಷ್ಟು ಅಮಾವಾಸ್ಯೆಗಳಿವೆ ಎಂಬುದು ಅವನಿಗೆ ಮಾತ್ರ ಗೊತ್ತು.

ಎಳ್ಳ ಅಮಾವಾಸ್ಯೆಯಂದು ಮನೆಯಾಕೆಯೂ ಮೊಮ್ಮಗಳೂ ನಾನೂ ಕಮಲಾಪುರದ ಹೊಲಕ್ಕೆ ಹೋದೆವು. ನಮ್ಮ ಬುತ್ತಿಯನ್ನು ನಾವೇ ಕಟ್ಟಿಕೊಂಡಿದ್ದೆವು. ಜೀವಮಾನದಲ್ಲಿ ಅದೇ ಮೊದಲು. ಅಕ್ಕ ಆಗಲೇ ಬಂದಿದ್ದಳು. ಬೇಲಿಯಾಚೆ ಬನ್ನಿಯ ಕೆಳಗೆ ಒಬ್ಬಳೇ ಬಗ್ಗಿ ಪಾಂಡವರಿಗೆ ಸುಣ್ಣ ಹಚ್ಚುತ್ತಿದ್ದಳು. ಪಕ್ಕದಲ್ಲಿ ಬುತ್ತಿಯ ಬುಟ್ಟಿ, ಬಿಳಿ ಬಟ್ಟೆಯಲ್ಲಿ ಕಟ್ಟಿದ್ದು ಕಟ್ಟಿದ ಹಾಗೆಯೇ ಇತ್ತು. ಪ್ರತಿ ವರ್ಷ ಆಕೆ ಅಲ್ಲಿಂದಲೇ ಕೂಗಿ ಕರೆಯುತ್ತಿದ್ದಳು. ಈ ಸಲ ತಲೆಯೆತ್ತಲಿಲ್ಲ. ನಾನು ತಂತಿಯ ಈಚೆ ನಿಂತು, ಅಲ್ಲಿಂದಲೇ ಪಾಂಡವರಿಗೆ ಕೈಮುಗಿದೆ.

"ಮುತ್ಯಾ, ನಾವು ಆ ಕಡಿ ಹೋಗಂಗಿಲ್ಲೇನು?" ಎಂದು ಮೊಮ್ಮಗಳು ಕೇಳಿದಳು.

"ಕರೀಬೇಕು ಕೂಸ," ಎಂದಳು ಮನೆಯಾಕೆ, ಮೆಲ್ಲಗೆ. "ಅದು ಅವರ ಹೊಲ. ಅವರಽ ಕರೀಬೇಕು."

ಹೊತ್ತು ಏರಿತು. ಚರಗ ತಡಮಾಡಬಾರದು. ನಾನು ಪಾತ್ರೆ ಹೊತ್ತು, ಶಿವನ ನಾಮ ಹೇಳುತ್ತ, ನನ್ನ ತೋಟದ ಅಂಚು ಹಿಡಿದು ಚೆಲ್ಲುತ್ತ ಹೊರಟೆ. ನೀರಿನ ಚೆಂಬು ಹಿಡಿದು ಹಿಂದೆ ಬರಲೇ ಎಂದು ಮನೆಯಾಕೆ ಕಣ್ಣಿನಲ್ಲೇ ಕೇಳಿದಳು. ಬೇಡವೆಂದೆ. ಯಾಕೆ ಬೇಡವೆಂದೆನೋ ತಿಳಿಯದು. ಆ ಸ್ಥಳ ಒಬ್ಬರಿಗೆ ಮೀಸಲಾಗಿತ್ತು. ಖಾಲಿಯಿದ್ದರೆ ಖಾಲಿಯೇ ಇರಲೆಂದು ಅನಿಸಿತು. ಪೂರ್ವದ ಅಂಚು ಮುಗಿಯಿತು, ಬಾಳೆಯ ಸಾಲು ಮುಗಿಯಿತು, ದಾರಿಯ ಬದಿ ಮುಗಿಯಿತು. ನನ್ನ ಹಿಂದೆ ಮಣ್ಣು ಒಣಗಿಯೇ ಇತ್ತು. ಕೊನೆಗೆ ಅಕ್ಕನ ಹೊಲಕ್ಕೆ ಹೊಂದಿದ ಬೇಲಿಯ ಗುಂಟ ತಿರುಗಿದೆ. ಆ ಕಡೆ ನೋಡಬಾರದೆಂದು ತಲೆ ತಗ್ಗಿಸಿ, ಹಿಡಿ ಹಿಡಿಯಾಗಿ ಚೆಲ್ಲುತ್ತ ನಡೆದೆ.

ಕೆಲವು ಹೆಜ್ಜೆಗಳ ನಂತರ ಹಿಂದೆ ನೀರು ಬಿದ್ದ ಸಪ್ಪಳವಾಯಿತು.

ತಿರುಗಿ ನೋಡಿದೆ. ಅಕ್ಕ ಬೇಲಿಯಾಚೆ ತನ್ನ ಹೊಲದಲ್ಲಿ ನಿಂತಿದ್ದಳು. ತಂತಿಯ ನಡುವೆ ಕೈ ತೂರಿಸಿ, ಚೆಂಬು ಬಗ್ಗಿಸಿ, ನನ್ನ ಹೆಜ್ಜೆಯ ಮೇಲೆ ನೀರು ಬಿಡುತ್ತಿದ್ದಳು. ಬಳೆಗೆ ಮುಳ್ಳು ತಾಗಿ ಕಿಣಿಕಿಣಿ ಅನ್ನುತ್ತಿತ್ತು.

"ನಿಂತಿ ಯಾಕ?" ಎಂದಳು, ನನ್ನ ಮುಖ ನೋಡದೆ. "ಚರಗ ಹೊತ್ತಾಂವ ನಡುವ ನಿಲ್ಲಬಾರದು. ಇಷ್ಟೂ ಓದಿಲ್ಲೇನು ನೀ?"

ನಡೆದೆ. ಈಚೆ ನಾನು, ಆಚೆ ಆಕೆ. ನಾನು ಹೆಜ್ಜೆಯಿಟ್ಟರೆ ಆಕೆಯೂ ಇಡುತ್ತಿದ್ದಳು. ನಾನು ತಡೆದರೆ ತಡೆಯುತ್ತಿದ್ದಳು. ಆಕೆಯ ಮೊಳಕಾಲು ನೋವಿನದು, ನನ್ನ ಉಸಿರು ಸೋತದ್ದು. ಇಬ್ಬರೂ ಒಂದೇ ಗತಿಯಲ್ಲಿ ಆ ಉದ್ದನೆಯ ಸಾಲನ್ನು ಮುಗಿಸಿದೆವು. ಬನ್ನಿಯ ಮರದ ಎದುರಿಗೆ ಬಂದಾಗ ಪಾತ್ರೆಯೂ ಬರಿದಾಯಿತು, ಚೆಂಬೂ ಬರಿದಾಯಿತು. ಅಲ್ಲಿ ಕಾಯುತ್ತಿದ್ದ ಮೊಮ್ಮಗಳು ನನ್ನ ಕಿವಿಯಲ್ಲಿ, "ದೊಡ್ಡ ಆಯಿ ಒಂದು ಹೆಜ್ಜೀನೂ ತಪ್ಪಲಿಲ್ಲ ಮುತ್ಯಾ" ಎಂದಳು.

ಅಕ್ಕ ತಂತಿಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ಗೇಟ ಯಾಕ ಇಟ್ಟಿಲ್ಲ?"

"ಎಲ್ಲಿ ಇಡಬೇಕಂತ ನಿನಗ ಕೇಳಿದ್ದೆ."

"ಕೇಳಿದ್ದಿ," ಎಂದು ಒಪ್ಪಿಕೊಂಡಳು. ಆಮೇಲೆ ಕೆಳಗಿನ ತಂತಿಯನ್ನು ಪಾದದಿಂದ ಮೆಟ್ಟಿ, ಮೇಲಿನದನ್ನು ಸೆರಗಿನಲ್ಲಿ ಹಿಡಿದು ಎತ್ತಿದಳು. "ಇಲ್ಲೇ ಇಡು. ಸದ್ಯಕ ಹಿಂಗಽ ಬಾ. ಧೋತ್ರ ಹಿಡಕೋ, ಸಿಕ್ಕೀತು."

ಮೊಮ್ಮಗಳು ಬಗ್ಗಿ ಚಿಗರೆಯಂತೆ ಹಾಯ್ದಳು. ಮನೆಯಾಕೆಯೂ ಸೀರೆ ಮುದುರಿಕೊಂಡು ಹಾಯ್ದಳು. ಭಸ್ಮ ಧರಿಸಿ, ಮಡಿ ಧೋತ್ರ ಉಟ್ಟು, ಊರಿನವರೆಲ್ಲ ಕಾಲಿಗೆ ಬೀಳುವ ನಾನು ಆ ತಂತಿಗಳ ನಡುವೆ ಬಗ್ಗಿ, ಒಂದು ಕಾಲು ಆಚೆ ಒಂದು ಕಾಲು ಈಚೆ ಇಟ್ಟು ಸಿಕ್ಕಿಕೊಂಡೆ. ಮೊಮ್ಮಗಳು ಕೈ ಹಿಡಿದು ಎಳೆದಳು. ಪರ್ ಎಂದು ಧೋತ್ರ ಹರಿಯಿತು.

ಯಾರೂ ನಗಲಿಲ್ಲ. ಅಕ್ಕ ತಂತಿಯನ್ನು ಬಿಟ್ಟು ಹತ್ತಿರ ಬಂದು, ಹರಿದ ಅಂಚನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು. ಬಹಳ ತಿಂಗಳುಗಳ ನಂತರ ಆಗ ನನ್ನ ಮುಖವನ್ನೂ ನೋಡಿದಳು.

"ಅಪ್ಪಗ ಹೇಳಬ್ಯಾಡ," ಎಂದಳು.

ಮತ್ತೆ ಬನ್ನಿಯ ಕೆಳಗೆ ಹೋಗಿ, ಪಾಂಡವರ ಮುಂದೆ ಕುಳಿತು, ಬುಟ್ಟಿಗೆ ಕಟ್ಟಿದ ಬಿಳಿ ಬಟ್ಟೆಯ ಗಂಟನ್ನು ಬಿಚ್ಚತೊಡಗಿದಳು.